ದಿನಕ್ಕೆರಡು ಗೆರೆ

ಸಂತ ಇಗ್ನೇಷಿಯಸ್ ಲೊಯೋಲ ಬರೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಟ್ಟ ಕೈಪಿಡಿಯಲ್ಲಿ, ಪ್ರಾರ್ಥನೆಯ ಪುಸ್ತಕದಲ್ಲಿ ಯಾರೂ ನಿರೀಕ್ಷಿಸದಂಥ ಒಂದು ಚಿತ್ರವಿದೆ. ಅದರಲ್ಲಿರುವುದು ಬರೀ ಗೆರೆಗಳು. ವಾರದ ಏಳು ದಿನಕ್ಕೆ ಏಳು ಜೋಡಿ. ಜೋಡಿಯ ಮೇಲಿನ ಗೆರೆ ಬೆಳಗಿನಿಂದ ಮಧ್ಯಾಹ್ನದ ಊಟದವರೆಗಿನ ಹೊತ್ತಿಗೆ, ಕೆಳಗಿನದು ಅಲ್ಲಿಂದ ರಾತ್ರಿಯ ಊಟದವರೆಗಿನ ಹೊತ್ತಿಗೆ. ಬಿಡಬೇಕೆಂದುಕೊಂಡ ಒಂದೇ ಒಂದು ದೋಷವನ್ನು ಹಾಸಿಗೆಯಿಂದ ಏಳುತ್ತಲೇ ನೆನೆದುಕೊಳ್ಳಬೇಕು. ಮಧ್ಯಾಹ್ನ ಮತ್ತು ರಾತ್ರಿ ಕೂತು ಗಂಟೆಗಂಟೆಯನ್ನೂ ತಿರುವಿ ನೋಡಿ, ಎಷ್ಟು ಸಲ ಎಡವಿದೆನೋ ಅಷ್ಟು ಚುಕ್ಕಿಗಳನ್ನು ಆಯಾ ಗೆರೆಯ ಮೇಲೆ ಇಡಬೇಕು. ಮೇಲಿನ ಗೆರೆಯನ್ನು ಕೆಳಗಿನದರ ಜೊತೆ, ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸಿ ನೋಡಬೇಕು. ಭಾನುವಾರದ ಗುರುತು ದೊಡ್ಡದು, ಸೋಮವಾರದ್ದು ಅದಕ್ಕಿಂತ ಚಿಕ್ಕದು, ಹೀಗೇ ಇಳಿಯುತ್ತ ಹೋಗುತ್ತದೆ. ಇನ್ನೊಂದು ಸೂಚನೆಯೂ ಇದೆ: ಎಡವಿದ ಕ್ಷಣವೇ ಎದೆಯ ಮೇಲೆ ಕೈ ಇಟ್ಟುಕೊಂಡು ಮರುಗಬೇಕು. ಹತ್ತು ಜನರ ನಡುವೆ ಇದ್ದರೂ ಯಾರ ಕಣ್ಣಿಗೂ ಬೀಳದಂತೆ ಇದನ್ನು ಮಾಡಬಹುದು ಎಂದು ಅವರು ಸೇರಿಸುತ್ತಾರೆ.

ಈ ಪುಟವನ್ನು ಮೊದಲ ಸಲ ನೋಡಿದವರಿಗೆ ಅಳುಕಾಗುವುದು ಸಹಜ. ಕ್ಷಮೆಯ ಮಾತಾಡುವ ಧರ್ಮದಲ್ಲಿ ಇದೆಂಥ ಎಣಿಕೆ ಅನಿಸುತ್ತದೆ. ಕ್ರೈಸ್ತರಲ್ಲಿ ಆತ್ಮಪರೀಕ್ಷೆ ಎಂದ ಕೂಡಲೇ ಹಲವರ ಕಣ್ಣ ಮುಂದೆ ಬರುವುದೂ ಇಂಥದೇ ಚಿತ್ರ: ತಪ್ಪುಗಳ ಪಟ್ಟಿ, ತಗ್ಗಿಸಿದ ತಲೆ, ತಪಸ್ಸುಕಾಲದ ಕೊನೆಯ ವಾರದಲ್ಲಿ ಪಾಪನಿವೇದನೆಗೆ ನಿಂತ ಉದ್ದನೆಯ ಸಾಲು. ಆ ಚಿತ್ರಕ್ಕೆ ಹೆದರಿದವರು ವರ್ಷಕ್ಕೊಮ್ಮೆ ಹೇಗೋ ಮುಗಿಸಿ ಉಸಿರು ಬಿಡುತ್ತಾರೆ. ಅದನ್ನೇ ನಂಬಿದವರು ಸದಾ ತಮ್ಮನ್ನು ಕೆದಕಿಕೊಂಡು ಗಾಯ ಹಸಿಯಾಗಿಯೇ ಇಟ್ಟುಕೊಳ್ಳುತ್ತಾರೆ. ಇಬ್ಬರಿಗೂ ಗೊತ್ತಾಗದೆ ಹೋದದ್ದು, ಆತ್ಮಪರೀಕ್ಷೆಗೆ ಒಂದು ಕ್ರಮವಿದೆ, ಆ ಕ್ರಮದಲ್ಲಿ ಪಾಪದ ಸರದಿ ಮೊದಲನೆಯದಲ್ಲ ಎಂಬುದು. ಆ ಗೆರೆಗಳನ್ನು ಎಳೆದ ವ್ಯಕ್ತಿ ಈ ಕ್ರಮವನ್ನು ಕಲಿತದ್ದು ಸಾವಿನ ಅಂಚಿಗೆ ಹೋಗಿ.

1491ರಲ್ಲಿ ಸ್ಪೇನಿನ ಬಾಸ್ಕ್ ಸೀಮೆಯ ಕುಲೀನ ಮನೆತನದಲ್ಲಿ ಹುಟ್ಟಿದ ಇಗ್ನೇಷಿಯಸ್, ಮೂವತ್ತರ ಹತ್ತಿರದವರೆಗೂ ಕತ್ತಿ ಮತ್ತು ಕೀರ್ತಿಯ ಹಿಂದೆ ಹೋದವರು. 1521ರ ಮೇ 20ರಂದು ಪಾಂಪ್ಲೋನ ಕೋಟೆಯಲ್ಲಿ ಫ್ರೆಂಚರ ಫಿರಂಗಿ ಗುಂಡು ಕಾಲಿಗೆ ಬಡಿದು ಹಾಸಿಗೆ ಹಿಡಿದರು. ಮನೆಯಲ್ಲಿ ಓದಲು ಸಿಕ್ಕಿದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಅಲ್ಲಿಂದ ಬದುಕು ತಿರುಗಿತು. ಮರುವರ್ಷ ಮೋನ್ಸೆರಾಟ್ ಮಠಕ್ಕೆ ಹೋಗಿ, ಅಲ್ಲಿಯವರೆಗಿನ ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಮೂರು ದಿನ ಹಿಡಿದು ನಿವೇದಿಸಿದರು. ಕತ್ತಿಯನ್ನು ಮಾತೆ ಮರಿಯಳ ಪೀಠದ ಬಳಿ ಬಿಟ್ಟು ಹತ್ತಿರದ ಮನ್ರೇಸ ಊರಿಗೆ ಬಂದರು.

ಕಷ್ಟ ಶುರುವಾದದ್ದು ಇಲ್ಲಿ. ಹೇಳಿದ್ದು ಪೂರ್ತಿಯಾಯಿತೋ ಇಲ್ಲವೋ ಎಂಬ ಶಂಕೆ ಹುಟ್ಟಿತು. ಮತ್ತೆ ನಿವೇದಿಸಿದರು. ಮತ್ತೆ ಏನೋ ಬಿಟ್ಟುಹೋಗಿದೆ ಅನಿಸಿತು. ತಿಂಗಳುಗಟ್ಟಲೆ ಇದೇ ಆಯಿತು. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರೂ ನೆಮ್ಮದಿಯಿಲ್ಲ. ತಂಗಿದ್ದ ಕೋಣೆಯಲ್ಲಿದ್ದ ದೊಡ್ಡ ಕಂಡಿಯಿಂದ ಧುಮುಕಿ ಸತ್ತುಬಿಡೋಣ ಎಂಬ ಯೋಚನೆ ಮೇಲಿಂದ ಮೇಲೆ ಬಂತು. ದೇವರು ದಾರಿ ತೋರುವವರೆಗೆ ಉಣ್ಣುವುದಿಲ್ಲ ಎಂದು ಒಂದು ವಾರ ಉಪವಾಸ ಕೂತರು. ಪಾಪನಿವೇದನೆ ಕೇಳುವ ಗುರುಗಳು ಊಟಮಾಡು ಎಂದು ಅಪ್ಪಣೆ ಕೊಟ್ಟ ಮೇಲೆಯೇ ಉಂಡದ್ದು. ಕೊನೆಗೊಂದು ದಿನ ಅವರಿಗೆ ಹೊಳೆಯಿತು: ಹಳೆಯ ಪಾಪಗಳನ್ನು ಮತ್ತೆ ಮತ್ತೆ ಅಗೆಸುತ್ತಿರುವ ಈ ಒತ್ತಡ ದೇವರಿಂದ ಬಂದದ್ದಲ್ಲ. ಅಂದಿನಿಂದ ಹಿಂದಿನದನ್ನು ನಿವೇದಿಸುವುದನ್ನು ನಿಲ್ಲಿಸಿದರು. ಮುಪ್ಪಿನಲ್ಲಿ ತಮ್ಮ ಕಥೆಯನ್ನು ಜೊತೆಗಾರ ಗೊನ್ಸಾಲ್ವೆಸ್ ದ ಕಾಮರ ಅವರಿಗೆ ಹೇಳಿ ಬರೆಸಿದಾಗ ಈ ತಿಂಗಳುಗಳನ್ನು ಅವರು ಮುಚ್ಚಿಡಲಿಲ್ಲ.

1548ರಲ್ಲಿ ಮೂರನೇ ಪೌಲ ಪೋಪರ ಒಪ್ಪಿಗೆ ಪಡೆದ ಆ ಕೈಪಿಡಿಯಲ್ಲಿ, ಗೆರೆಗಳ ಪಕ್ಕದಲ್ಲೇ ಇನ್ನೊಂದು ಪರೀಕ್ಷೆಯನ್ನು ಅವರು ಇಟ್ಟಿರುವುದರ ಅರ್ಥ ಆಗುವುದು ಮನ್ರೇಸದ ಹಿನ್ನೆಲೆಯಲ್ಲಿ. ಅದರಲ್ಲಿ ಐದು ಹಂತ. ಮೊದಲನೆಯದು, ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ. ಎರಡನೆಯದು, ನನ್ನ ತಪ್ಪು ನನಗೆ ಕಾಣುವಂತೆ ಬೆಳಕು ಕೊಡು ಎಂಬ ಬೇಡಿಕೆ. ಇವೆರಡೂ ಆದ ಮೇಲೆಯೇ ದಿನದ ವಿಚಾರಣೆ: ಯೋಚನೆ, ಮಾತು, ಕೃತಿ. ನಾಲ್ಕರಲ್ಲಿ ಕ್ಷಮೆ, ಐದರಲ್ಲಿ ದೇವರ ಕೃಪೆಯಿಂದ ತಿದ್ದಿಕೊಳ್ಳುವ ಸಂಕಲ್ಪ. ಒಂದು ಕಾಲಕ್ಕೆ ತನ್ನನ್ನೇ ಹಿಂಡಿಕೊಂಡು ಸಾಯಲು ಹೊರಟಿದ್ದ ಮನುಷ್ಯ, ಕೃತಜ್ಞತೆಯ ಬಾಗಿಲಿನಿಂದಲ್ಲದೆ ಒಳಗೆ ಹೋಗಬೇಡಿ ಎಂದು ನಮಗೆ ಹೇಳುತ್ತಿದ್ದಾರೆ.

ಕೃತಜ್ಞತೆಯಲ್ಲೂ ಎರಡು ಬಗೆ ಇದೆ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮತಿಯಲ್ಲಿ, ದೇವಾಲಯಕ್ಕೆ ಹೋದ ಫರಿಸಾಯನೂ ಪ್ರಾರ್ಥನೆ ಶುರುಮಾಡುವುದು ದೇವರಿಗೆ ಸ್ತೋತ್ರ ಹೇಳುತ್ತಲೇ. ಆದರೆ ಅವನು ಸ್ತೋತ್ರ ಹೇಳುವುದು ತಾನು ಉಳಿದವರಂತಲ್ಲ ಎಂಬುದಕ್ಕೆ, ಹಿಂದೆ ನಿಂತ ಆ ಸುಂಕದವನಂತಲ್ಲ ಎಂಬುದಕ್ಕೆ. ಅವನ ಕಣ್ಣು ದೇವರ ಮೇಲೂ ಇಲ್ಲ, ತನ್ನ ಮೇಲೂ ಇಲ್ಲ, ಪಕ್ಕದವನ ಮೇಲಿದೆ. ನಿಜವಾದ ಕೃತಜ್ಞತೆ ಹೋಲಿಕೆ ಮಾಡುವುದಿಲ್ಲ. ತನಗೆ ಹಕ್ಕಿಲ್ಲದ್ದು ತನಗೆ ಸಿಕ್ಕಿತಲ್ಲ ಎಂಬ ಬೆರಗು ಅದು. ಆ ಬೆರಗಿನಲ್ಲಿ ನಿಂತವನಿಗೆ ತನ್ನ ತಪ್ಪು ಸ್ಪಷ್ಟವಾಗಿ ಕಾಣುತ್ತದೆ, ಕಂಡರೂ ಅವನು ಕುಸಿಯುವುದಿಲ್ಲ.

ದಿನದ ಕೊನೆಗೆ ತನ್ನನ್ನು ವಿಚಾರಿಸಿಕೊಳ್ಳುವುದು ಕ್ರೈಸ್ತರು ಮಾತ್ರ ಕಂಡುಕೊಂಡದ್ದಲ್ಲ. ಮೊದಲ ಶತಮಾನದ ರೋಮಿನಲ್ಲಿ ಸೆನೆಕ ಎಂಬ ತತ್ವಜ್ಞಾನಿ, ದೀಪ ಒಳಗೊಯ್ದು ಹೆಂಡತಿ ಮಾತು ನಿಲ್ಲಿಸಿದ ಮೇಲೆ ಇಡೀ ದಿನವನ್ನು ತನ್ನ ಮುಂದೆ ಹರವಿಕೊಳ್ಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿ ಕಟಕಟೆಯಲ್ಲಿ ನಿಂತವನೂ ಪೀಠದಲ್ಲಿ ಕೂತವನೂ ಅವನೇ. ಕ್ರೈಸ್ತ ಪರೀಕ್ಷೆಯಲ್ಲಿ ಇನ್ನೊಬ್ಬರ ಸನ್ನಿಧಿ ಇದೆ. ದಾವೀದನ ಹೆಸರಿನ 139ನೇ ಕೀರ್ತನೆಯಲ್ಲಿ ಭಕ್ತ ತನ್ನನ್ನು ತಾನೇ ಶೋಧಿಸಲು ಹೊರಡುವುದಿಲ್ಲ. ಶೋಧಿಸು ಎಂದು ದೇವರನ್ನು ಕರೆಯುತ್ತಾನೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಗುಡ್ ಫ್ರೈಡೆಯ ಹಿಂದಿನ ರಾತ್ರಿ ಮತ್ತು ಮರುಬೆಳಗಿನ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಯೇಸುವಿನ ಶಿಷ್ಯರಾದ ಯೂದನೂ ಪೇತ್ರನೂ ಆ ಹೊತ್ತಿನಲ್ಲಿ ತಮ್ಮನ್ನು ಪರೀಕ್ಷಿಸಿಕೊಂಡರು. ಮತ್ತಾಯನ ಪ್ರಕಾರ ಯೂದ ಪಶ್ಚಾತ್ತಾಪಪಟ್ಟ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದ, ನಿರಪರಾಧಿಯ ರಕ್ತಕ್ಕೆ ದ್ರೋಹ ಬಗೆದೆನೆಂದು ಬಾಯಿಬಿಟ್ಟು ಹೇಳಿದ. ಗಮನಿಸಿ, ಅವನ ಒಪ್ಪಿಗೆಯಲ್ಲಿ ಕೊರತೆಯೇನೂ ಇಲ್ಲ. ತಪ್ಪಿಗೆ ಸರಿಯಾದ ಹೆಸರಿಟ್ಟ, ನೆಪ ಹೇಳಲಿಲ್ಲ, ಹಣ ಹಿಂದಿರುಗಿಸಿದ. ಆದರೆ ಅವನು ಹೋದದ್ದು ಮಹಾಯಾಜಕರ ಬಳಿಗೆ. ಅವರು ಅದು ನಮಗೆ ಸಂಬಂಧವಿಲ್ಲದ ವಿಷಯ ಎಂದು ಕೈಚೆಲ್ಲಿದರು. ಅಲ್ಲಿಂದ ಅವನಿಗೆ ತನ್ನ ಪಾಪದ ಹೊರತು ಬೇರೆ ಯಾರೂ ಜೊತೆಗಿರಲಿಲ್ಲ. ಪೇತ್ರನದು ಹಾಗಾಗಲಿಲ್ಲ. ಮೂರನೇ ಸಲ ಅವನು ಯೇಸುವನ್ನು ಅರಿಯೆ ಎಂದಾಗ ಕೋಳಿ ಕೂಗಿತು. ಕರ್ತನು ತಿರುಗಿ ಅವನನ್ನು ದೃಷ್ಟಿಸಿ ನೋಡಿದನೆಂದು ಲೂಕ ಬರೆಯುತ್ತಾನೆ. ಆ ನೋಟ ಬಿದ್ದ ಮೇಲೆ ಅವನು ಹೊರಗೆ ಹೋಗಿ ಅತ್ತ.

ಯೋಹಾನನ ಸುವಾರ್ತೆ ಇದರಲ್ಲಿ ಇನ್ನೊಂದು ಎಳೆ ಹೆಣೆಯುತ್ತದೆ. ಪೇತ್ರ ಯೇಸುವನ್ನು ಅಲ್ಲಗಳೆದದ್ದು ಮಹಾಯಾಜಕನ ಅಂಗಳದ ಇದ್ದಲ ಬೆಂಕಿಯ ಹತ್ತಿರ, ಚಳಿ ಕಾಯಿಸಿಕೊಳ್ಳುತ್ತ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಯೇಸು ಶಿಷ್ಯರಿಗಾಗಿ ಮೀನು ಸುಡುತ್ತಿದ್ದುದೂ ಇದ್ದಲ ಬೆಂಕಿಯ ಮೇಲೆಯೇ. ಅದೇ ಕೆಂಡದ ಎದುರು, ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರಶ್ನೆ. ಆ ಪ್ರಶ್ನೆ ಯಾಕೆ ಹಾಗೆ ಮಾಡಿದೆ ಎಂಬುದಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂಬುದು. ಅದಕ್ಕೂ ಮೊದಲು ಊಟ ಬಡಿಸಲಾಗಿತ್ತು. ಕ್ರೈಸ್ತ ಆತ್ಮಪರೀಕ್ಷೆಯ ಇಡೀ ಕ್ರಮ ನನಗೆ ಕಾಣುವುದು ಈ ದಡದಲ್ಲಿ: ಮೊದಲು ತುತ್ತು, ಆಮೇಲೆ ಪ್ರಶ್ನೆ, ಆಮೇಲೆ ಕುರಿಗಳನ್ನು ನೋಡಿಕೋ ಎಂಬ ಕೆಲಸ.

ಹಾಗಾದರೆ ದಿನದಿನವೂ ಯಾಕೆ? ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಕಥೋಲಿಕ ಸಭೆ ನಿಯಮ ಮಾಡಿದ್ದು 1215ರ ಲ್ಯಾಟರನ್ ಮಹಾಸಭೆಯಲ್ಲಿ. ಅದು ಕನಿಷ್ಠ ಮಿತಿ. ಎಷ್ಟೋ ಮಂದಿಗೆ ಅದೇ ಗರಿಷ್ಠವೂ ಆಗಿಬಿಟ್ಟಿದೆ. ಕರಾವಳಿಯ ಮಳೆಗಾಲದಲ್ಲಿ ಅಂಗಳವನ್ನು ದಿನಾ ಗುಡಿಸಿದರೆ ಪಾಚಿ ಕಟ್ಟುವುದಿಲ್ಲ, ನಾಲ್ಕು ವಾರ ಬಿಟ್ಟರೆ ಕಾಲಿಟ್ಟವರು ಜಾರುತ್ತಾರೆ. ವರ್ಷಕ್ಕೊಮ್ಮೆ ತನ್ನನ್ನು ನೋಡಿಕೊಳ್ಳುವವನ ಕಣ್ಣಿಗೆ ದೊಡ್ಡ ಪಾಪಗಳು ಮಾತ್ರ ಬೀಳುತ್ತವೆ. ಕೊಲೆ ಮಾಡಿಲ್ಲ, ಕಳ್ಳತನ ಮಾಡಿಲ್ಲ, ವ್ಯಭಿಚಾರ ಮಾಡಿಲ್ಲ, ಅಲ್ಲಿಗೆ ಮುಗಿಯಿತು. ಉಳಿದ ಜಾಗವನ್ನು ಬಾಲ್ಯದ ಪಟ್ಟಿ ತುಂಬುತ್ತದೆ. ಮೊದಲ ಪರಮಪ್ರಸಾದದ ತಯಾರಿಯಲ್ಲಿ ಎಂಟು ವರ್ಷದ ಮಗುವಾಗಿ ಕಲಿತ ಅದೇ ಸಾಲುಗಳನ್ನು, ಪ್ರಾರ್ಥನೆ ತಪ್ಪಿಸಿದೆ, ಸುಳ್ಳು ಹೇಳಿದೆ, ಸಿಟ್ಟು ಮಾಡಿದೆ ಎಂಬುದನ್ನು, ಐವತ್ತರಲ್ಲೂ ಹೇಳುವವರಿದ್ದಾರೆ. ಐವತ್ತರ ಪಾಪಗಳು ಎಂಟರ ಪಾಪಗಳಲ್ಲ. ಆಸ್ತಿ ಪಾಲಿನಲ್ಲಿ ತಂಗಿಗೆ ಮಾಡಿದ ಅನ್ಯಾಯ, ಮನೆಗೆಲಸದಾಕೆಗೆ ಏರಿಸದೆ ಉಳಿಸಿಕೊಂಡ ಸಂಬಳ, ನಿಜವೋ ಸುಳ್ಳೋ ನೋಡದೆ ವಾಟ್ಸ್ಆ್ಯಪ್‌ನಲ್ಲಿ ಮುಂದಕ್ಕೆ ಕಳಿಸಿದ ದ್ವೇಷದ ಸಂದೇಶ, ಹೆಂಡತಿಯ ಮಾತಿಗೆ ವರ್ಷಗಳಿಂದ ಕೊಡದ ಕಿವಿ. ಇವು ಆ ಪಟ್ಟಿಯಲ್ಲಿಲ್ಲ. ಬೆಳೆದವರ ಪಾಪಗಳು ದಿನದ ಸಣ್ಣ ಸಂದರ್ಭಗಳಲ್ಲಿ ಅಡಗಿರುತ್ತವೆ, ಅದೇ ದಿನ ಹಿಡಿಯದಿದ್ದರೆ ಸ್ವಭಾವವಾಗಿ ಗಟ್ಟಿಯಾಗುತ್ತವೆ.

ಉದಾಹರಣೆಗೆ ಒಬ್ಬ ಹೈಸ್ಕೂಲ್ ಶಿಕ್ಷಕಿಯ ರಾತ್ರಿಯನ್ನು ಊಹಿಸಿಕೊಳ್ಳಿ. ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸಿ, ಕುರ್ಚಿಯಲ್ಲಿ ಕೂರುತ್ತಾರೆ. ಹತ್ತು ನಿಮಿಷ, ಬಹಳವಾದರೆ ಹದಿನೈದು. ಮೊದಲು ಉಪಕಾರಗಳು: ಬಸ್ಸಿನಲ್ಲಿ ಬಿಟ್ಟ ಕೊಡೆಯನ್ನು ಕಂಡಕ್ಟರ್ ಎತ್ತಿಟ್ಟಿದ್ದರು; ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಕೊನೆಗೂ ಬೀಜಗಣಿತ ಅರ್ಥವಾಯಿತು. ಆಮೇಲೆ ಬೆಳಕಿಗಾಗಿ ಒಂದು ಮಾತು. ಆಮೇಲೆ ದಿನ ಮೆಲ್ಲಗೆ ಮತ್ತೆ ಹಾದುಹೋಗುತ್ತದೆ. ತಡವಾಗಿ ಬಂದ ಹುಡುಗನನ್ನು ಹೊರಗೆ ನಿಲ್ಲಿಸಿದ್ದು. ಅವನು ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕಿ ಬರುತ್ತಾನೆಂದು ಗೊತ್ತಿತ್ತು; ಆದರೂ ನಿಲ್ಲಿಸಿದ್ದು ಯಾಕೆ? ಮುಖ್ಯೋಪಾಧ್ಯಾಯರು ತಮ್ಮನ್ನು ಗದರಿಸಿದ ಸಿಟ್ಟು ಅವನ ಮೇಲೆ ಇಳಿಯಿತೇ? ಸ್ಟಾಫ್ ರೂಮಿನಲ್ಲಿ ಉಳಿದವರು ಸಹೋದ್ಯೋಗಿಯೊಬ್ಬರ ಬಣ್ಣವನ್ನು ಆಡಿಕೊಂಡು ನಕ್ಕಾಗ ತಾವು ನಗಲಿಲ್ಲ, ನಿಜ, ಆದರೆ ಬಾಯಿಯನ್ನೂ ತೆರೆಯಲಿಲ್ಲ. ಸಂಜೆ ಅಮ್ಮನ ಫೋನನ್ನು ಬೇಗ ಮುಗಿಸಿದ್ದು. ಇಷ್ಟರಲ್ಲಿ ಒಂದು ವಿಷಯ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ, ಅದು ಆ ಹುಡುಗನ ಮುಖ. ಅಲ್ಲಿ ಕ್ಷಮೆ ಕೇಳುತ್ತಾರೆ. ಐದನೆಯ ಹಂತದಲ್ಲಿ ಇನ್ನು ಮುಂದೆ ಒಳ್ಳೆಯವಳಾಗಿರುತ್ತೇನೆ ಎಂಬ ದೊಡ್ಡ ಪ್ರತಿಜ್ಞೆ ಬೇಕಿಲ್ಲ. ನಾಳೆ ಮೊದಲ ಪೀರಿಯಡ್ಡಿಗೆ ಮುಂಚೆ ಅವನನ್ನು ಕರೆದು ಮಾತಾಡಿಸಬೇಕು. ಅಷ್ಟು ಸಾಕು.

ಈ ಬಗೆಯ ಪರೀಕ್ಷೆ ನಡುವೆ ಒಂದಷ್ಟು ಕಾಲ ಪಾಪದ ಪಟ್ಟಿಯಾಗಿಯೇ ಕುಗ್ಗಿತ್ತು. 1972ರಲ್ಲಿ ಅಮೆರಿಕದ ಜೆಸ್ವಿಟ್ ಗುರು ಜಾರ್ಜ್ ಆಶೆನ್‌ಬ್ರೆನರ್ ಬರೆದ ಲೇಖನವೊಂದು ಅದನ್ನು ಮತ್ತೆ ಹಳೆಯ ಹಾದಿಗೆ ತಂದಿತು. ಎಷ್ಟು ತಪ್ಪಿದೆ ಎಂಬುದಕ್ಕಿಂತ ಮೊದಲು, ಇವತ್ತು ದೇವರು ನನ್ನನ್ನು ಎಲ್ಲಿ ಸೆಳೆದರು, ನಾನು ಎಲ್ಲಿ ಕೊಸರಿಕೊಂಡೆ ಎಂದು ಗಮನಿಸಬೇಕೆಂಬುದು ಅವರ ವಾದ. ಇಗ್ನೇಷಿಯಸ್ ತಾವು ಕಟ್ಟಿದ ಯೇಸುಸಭೆಯ, ಅಂದರೆ ಜೆಸ್ವಿಟರ ಸಂಘದ, ಸಂವಿಧಾನದಲ್ಲಿ ಓದುವ ಹುಡುಗರಿಗೂ ದಿನಕ್ಕೆ ಎರಡು ಸಲದ ಆತ್ಮಪರೀಕ್ಷೆಯನ್ನು ವಿಧಿಸಿದ್ದರು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಲಿಯೊನಾರ್ಡೊ ಚಿನ್ನಾಮಿ, 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದು ಎರಡು ವರ್ಷದೊಳಗೆ ಸಂತ ಅಲೋಶಿಯಸ್ ಕಾಲೇಜು ತೆರೆದ ಇಟಲಿಯ ಜೆಸ್ವಿಟರು, ಎಲ್ಲರೂ ಈ ನಿಯಮಕ್ಕೆ ಒಳಪಟ್ಟವರೇ.

ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಇದಕ್ಕೆ ಹೊಂದುವ ಒಂದು ಪದ್ಧತಿ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಸಂಜೆಯ ತೇರ್ಸ್, ಅಂದರೆ ಜಪಮಾಲೆ, ಮುಗಿದ ಕೂಡಲೇ ಮಕ್ಕಳು ಅಜ್ಜ ಅಜ್ಜಿಯಿಂದ ಹಿಡಿದು ಎಲ್ಲ ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್ ದಿಯಾ’ ಎಂದು ಕೊಂಕಣಿಯಲ್ಲಿ ಆಶೀರ್ವಾದ ಕೇಳುತ್ತಾರೆ. ಹಗಲಿಡೀ ಮುನಿಸಿಕೊಂಡು ಮೂಲೆ ಹಿಡಿದ ಹುಡುಗನೂ ಅಪ್ಪನ ಎದುರು ನಿಂತು ಕೈಜೋಡಿಸಬೇಕಾಗುತ್ತದೆ. ಬೈದ ಅಪ್ಪನೂ ಕೈಯೆತ್ತಿ ಹರಸಬೇಕಾಗುತ್ತದೆ. ಟಿವಿ ಧಾರಾವಾಹಿಯ ಹೊತ್ತಿಗೂ ಟ್ಯೂಷನ್ನಿಗೂ ಜಾಗ ಬಿಟ್ಟುಕೊಟ್ಟು ಈ ಪದ್ಧತಿ ಹಿಂದೆ ಸರಿಯುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ತತ್ವವೇನೂ ಹೇಳದೆ ಮನೆಮಂದಿಯನ್ನೆಲ್ಲ ದಿನದ ಕೊನೆಗೆ ಒಬ್ಬರ ಮುಖ ಒಬ್ಬರು ನೋಡುವಂತೆ ಮಾಡುವ ಶಕ್ತಿ ಅದಕ್ಕಿದೆ.

ಯಾಕೆಂದರೆ ಒಬ್ಬರೇ ಕೂತು ಮಾಡುವ ಪರೀಕ್ಷೆಗೆ ಒಂದು ಮಿತಿಯಿದೆ. ದಾವೀದ ರಾಜ ತನ್ನ ಸೈನಿಕ ಊರಿಯನ ಹೆಂಡತಿಯನ್ನು ತನ್ನವಳಾಗಿಸಿಕೊಂಡು ಊರಿಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಅಷ್ಟೊಂದು ಕೀರ್ತನೆಗಳ ಜೊತೆ ಹೆಸರು ಬೆಸೆದುಕೊಂಡವನಿಗೆ ಅದು ಪಾಪವೆಂದೇ ಅನಿಸಲಿಲ್ಲ. ನಾತಾನ್ ಪ್ರವಾದಿ ಬಂದು, ಶ್ರೀಮಂತನೊಬ್ಬ ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಸಿದು ಅತಿಥಿಗೆ ಅಡುಗೆ ಮಾಡಿಸಿದ ಕಥೆ ಹೇಳಿದಾಗ ಅವನು ಕೆಂಡಾಮಂಡಲವಾದ. ಬೇರೆಯವರ ತಪ್ಪಿನ ವಿಷಯದಲ್ಲಿ ಅವನ ನ್ಯಾಯಬುದ್ಧಿ ಚೆನ್ನಾಗಿಯೇ ಇತ್ತು. ಆ ಮನುಷ್ಯ ನೀನೇ ಎಂದು ಹೇಳಲು ಇನ್ನೊಂದು ಬಾಯಿ ಬೇಕಾಯಿತು.

ಜರ್ಮನಿಯ ಲೂಥರನ್ ಸಭಾಪಾಲಕ ಡೀಟ್ರಿಕ್ ಬೊನ್‌ಹೋಫರ್ ಇದನ್ನು ಬಹಳ ಆಳವಾಗಿ ಯೋಚಿಸಿದವರು. 1935ರಿಂದ 1937ರಲ್ಲಿ ಗೆಸ್ಟಾಪೊ ಬಾಗಿಲು ಹಾಕಿಸುವವರೆಗೆ ಫಿಂಕೆನ್‌ವಾಲ್ಡೆ ಎಂಬಲ್ಲಿ ಯುವ ಸಭಾಪಾಲಕರ ತರಬೇತಿ ಶಾಲೆ ನಡೆಸಿದರು. ಆ ಅನುಭವದಿಂದ ಬರೆದು 1939ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪ್ರಾಟೆಸ್ಟೆಂಟರಿಗೆ ಇರಿಸುಮುರುಸಾಗುವ ಪ್ರಶ್ನೆಯೊಂದನ್ನು ಎತ್ತುತ್ತಾರೆ. ನಮ್ಮಂತೆಯೇ ಪಾಪಿಯಾದ ಸಹೋದರನ ಮುಂದೆ ಬಾಯಿಬಿಡುವುದು ನಮಗೆ ಇಷ್ಟು ಕಷ್ಟ, ಪರಮಪವಿತ್ರನಾದ ದೇವರ ಮುಂದೆ ಮಾತ್ರ ಅಷ್ಟು ಸುಲಭ. ಹಾಗಿರುವಾಗ ನಾವು ನಿಜವಾಗಿ ದೇವರಿಗೇ ಹೇಳಿಕೊಂಡೆವೋ, ಅಥವಾ ನಮಗೆ ನಾವೇ ಹೇಳಿಕೊಂಡು ನಮಗೆ ನಾವೇ ಕ್ಷಮೆ ಕೊಟ್ಟುಕೊಂಡೆವೋ? ಹಿಟ್ಲರನ ಆಡಳಿತ 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದ ಈ ಮನುಷ್ಯನ ಪ್ರಶ್ನೆ ಕಥೋಲಿಕರನ್ನೂ ಬಿಡುವುದಿಲ್ಲ. ಪಾಪನಿವೇದನೆಯ ಜಾಲರಿಯ ಹಿಂದೆ ಕೂತ ಗುರುಗಳಿಗೆ ಗಡಿಬಿಡಿಯಲ್ಲಿ ಒಪ್ಪಿಸುವ ನಾಲ್ಕು ಸಾಲುಗಳೂ ಅಷ್ಟೇ ಖಾಸಗಿಯಾಗಿ ಉಳಿಯಬಲ್ಲವು.

ಮೆಥಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿಯ ಕಥೆಯೂ ಇದೇ ದಿಕ್ಕಿನದು. ಆಕ್ಸ್‌ಫರ್ಡಿನಲ್ಲಿದ್ದಾಗ ಅವರು ಗಂಟೆಗಂಟೆಗೆ ಡೈರಿ ಬರೆದು, ತಮ್ಮ ಭಕ್ತಿಯ ಮಟ್ಟಕ್ಕೆ ತಾವೇ ಅಂಕಿ ಹಾಕಿಕೊಳ್ಳುತ್ತಿದ್ದರು. ಅದು ಅವರಿಗೆ ಶಾಂತಿ ತರಲಿಲ್ಲ. ಅವರ ಹೆಸರಿನ ಚಳವಳಿಗೆ ಬೆನ್ನೆಲುಬಾದದ್ದು ಬೇರೆಯೇ. 1742ರಲ್ಲಿ ಬ್ರಿಸ್ಟಲ್ ಪಟ್ಟಣದ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸುಮಾರು ಹನ್ನೆರಡು ಜನರಿಗೆ ಒಬ್ಬ ಮುಂದಾಳನ್ನು ನೇಮಿಸಿದರು. ಪ್ರತಿವಾರ ಮನೆಗೆ ಹೋಗಿ ತಲೆಗೊಂದು ಪೆನ್ನಿ ಸಂಗ್ರಹಿಸುವುದು ಅವನ ಕೆಲಸ. ಹೋದವರಿಗೆ ಮನೆಮನೆಯ ಜಗಳ, ಕುಡಿತ, ಸಂಕಟಗಳು ಕಣ್ಣಿಗೆ ಬಿದ್ದವು. ಅಲ್ಲಿಂದ ಆ ಹನ್ನೆರಡು ಜನ ವಾರಕ್ಕೊಮ್ಮೆ ಸೇರಿ, ನಿನ್ನ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ವಿಚಾರಿಸುವ ಪದ್ಧತಿ ಬೆಳೆಯಿತು. ಬೆಂಗಳೂರು, ಮೈಸೂರು ಕಡೆ ಕೆಲಸಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಕೊಂಡವು. ಡಿಸೆಂಬರ್ 31ರ ರಾತ್ರಿ ನಮ್ಮ ಚರ್ಚುಗಳಲ್ಲಿ ನಡೆಯುವ ವಾಚ್‌ನೈಟ್ ಆರಾಧನೆ ಮೊರೇವಿಯನ್ನರು ಮತ್ತು ಮೆಥಡಿಸ್ಟರ ಬಳುವಳಿ. ಚರ್ಚು ತುಂಬುವ ಆ ರಾತ್ರಿ ಉಳಿದಿದೆ, ವಾರದ ಹನ್ನೆರಡು ಜನರ ಕೂಟ ಹೆಚ್ಚಿನ ಕಡೆ ಕಾಣುವುದಿಲ್ಲ. ಉಳಿಸಿಕೊಳ್ಳಬೇಕಿದ್ದದ್ದು ಎರಡನೆಯದು ಎಂಬುದು ನನ್ನ ಅಭಿಪ್ರಾಯ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡೇ ಕರ್ತನ ಭೋಜನದಲ್ಲಿ ಪಾಲುಗೊಳ್ಳಲಿ ಎಂದು ಹೇಳಿದ ಸಂದರ್ಭವೂ ಒಂಟಿ ಕೋಣೆಯದಲ್ಲ. ಆ ಸಭೆಯಲ್ಲಿ ಉಳ್ಳವರು ತಾವು ತಂದದ್ದನ್ನು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು. ಏನೂ ಇಲ್ಲದವರು ಹಸಿದೇ ಉಳಿದು ನಾಚಿಕೆಪಡುತ್ತಿದ್ದರು. ಪರೀಕ್ಷಿಸಿಕೊಳ್ಳಿ ಎಂದು ಪೌಲ ಹೇಳಿದ್ದು ಆ ಪಂಕ್ತಿಯನ್ನು ನೋಡಿ. ಈ ಹಿನ್ನೆಲೆ ಮರೆತು ಆ ವಾಕ್ಯವನ್ನು ಖಾಸಗಿ ಪಾಪಗಳಿಗೆ ಮಾತ್ರ ಅನ್ವಯಿಸಿಕೊಂಡು ಶತಮಾನಗಳಾದವು.

ಸಭೆಯೇ ಒಟ್ಟಾಗಿ ತನ್ನನ್ನು ಪರೀಕ್ಷಿಸಿಕೊಂಡದ್ದೂ ಉಂಟು. 2000ದ ಮಾರ್ಚ್ 12ರಂದು ಎರಡನೇ ಜಾನ್ ಪೌಲ್ ಪೋಪರು ಸಂತ ಪೇತ್ರರ ಮಹಾದೇವಾಲಯದಲ್ಲಿ, ಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ಪಾಪಗಳಿಗಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಸಭೆಯ ಒಳಗೇ ಜಾತಿ ತಾರತಮ್ಯ ನಡೆಯುತ್ತಿದೆ ಎಂದು ಒಪ್ಪಿಕೊಂಡಿತು. ಕಾಗದದ ಮೇಲಿನ ಆ ಒಪ್ಪಿಗೆ ಊರೂರಿನ ಚರ್ಚಿನ ಬಾಗಿಲಿಗೆ ಇಳಿಯಬೇಕಾದರೆ, ಧರ್ಮಕೇಂದ್ರದ ಪಾಲನಾ ಮಂಡಳಿಗಳು ತಮ್ಮ ಮಾಸಿಕ ಸಭೆಯಲ್ಲಿ ಹಬ್ಬದ ಖರ್ಚು, ಹೊಸ ಸೌಂಡ್ ಸಿಸ್ಟಂ ಮುಂತಾದವನ್ನು ಚರ್ಚೆಗೆ ಎತ್ತಿಕೊಳ್ಳುವ ಮುನ್ನ ಹತ್ತು ನಿಮಿಷ ಸುಮ್ಮನೆ ಕೂತು ಕೆಲವು ಪ್ರಶ್ನೆ ಕೇಳಿಕೊಳ್ಳಬಹುದು. ಈ ತಿಂಗಳು ನಮಗೆ ಏನೇನು ಸಿಕ್ಕಿತು? ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ ಆ ಮನೆಯವರನ್ನು ಯಾರು ಹೋಗಿ ಮಾತಾಡಿಸಿದರು? ಗಾಯನವೃಂದಕ್ಕೆ, ಮಂಡಳಿಗೆ, ವಾಚನಪೀಠಕ್ಕೆ ಯಾವ ಮನೆತನದವರು ಬರುತ್ತಿದ್ದಾರೆ, ಯಾರು ಒಮ್ಮೆಯೂ ಬಂದಿಲ್ಲ? ಹೋದ ಹಬ್ಬದ ದಿನ ಪಾತ್ರೆ ತೊಳೆಯಲು ನಿಂತವರು ಊಟಕ್ಕೆ ಕೂತದ್ದು ಎಷ್ಟು ಹೊತ್ತಿಗೆ?